ಮೈಸೂರಮ್ಮನ ವರ್ಗಾವಣೆ

ಇಂಥವೆಲ್ಲ ನಿಮಗೇ ಯಾಕ್ರೀ ಆಗುತ್ತೆ ಅಂತ ಎಷ್ಟೋ ಜನ ಕೇಳಿದ್ದಾರೆ. ನಂಗೇನು ಗೊತ್ತು? ಬೇರೆಯವರ ಮನೆ ಮುಂದೆ ಸುಮ್ಮನೆ ಹಾದುಹೋಗೋ ನಗೆಪಾಟಲು ನಮ್ಮನೆ ಕಂಡ ತಕ್ಷಣ ಗೇಟು ತೆಗೆದುಕೊಂಡು ಒಳಗೆ ಬರುತ್ತೆ, ಕೂತು ಕಾಫಿ ಕುಡಿದೇ ಹೋಗುತ್ತೆ. ಅದರಲ್ಲೂ ಜಯನಗರಕ್ಕೆ ಬಂದ ಮೊದಲನೇ ವರ್ಷ ಅದು ನಮ್ಮನೇಲೇ ಬಿಡಾರ ಹೂಡಿತ್ತು. ಈಗ ಹೇಳಿಕೊಂಡು ನಗ್ತೀನಿ. ಆವಾಗ, ದೇವರಾಣೆ, ಒಂದಕ್ಕೂ ನಗು ಬಂದಿರಲಿಲ್ಲ.

೧. ಬೆಂಗಳೂರು ಹಿಂದೆ ಹೋಯ್ತು

ನಾನು ಹುಟ್ಟಿ ಬೆಳೆದದ್ದು ಮೈಸೂರಿನ ಅಗ್ರಹಾರದಲ್ಲಿ. ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳು. ನಮ್ಮನೇಲಿ ಒಗ್ಗರಣೆ ಹಾಕಿದರೆ ಪಕ್ಕದ ಮನೆಯವರು ಸೀನೋರು. ಮದುವೆಯಾದ ಮೇಲೂ ಅದೇ ಬೀದಿ, ನಾಲ್ಕು ಮನೆ ಆಚೆ. ರಾಜ್ಯ ಒಂದಾಗಿ ದೊಡ್ಡದಾಯ್ತಲ್ಲ, ಅದರ ಮಾರನೇ ವರ್ಷ ನಮ್ಮನೆಯವರಿಗೆ ಬೆಂಗಳೂರಿನ ದೊಡ್ಡ ಕಚೇರಿಗೆ ವರ್ಗವಾಯ್ತು. "ಬೆಂಗಳೂರು ಕಣೇ! ಜಯನಗರದಲ್ಲಿ ಹೊಸಾ ಮನೆ, ಅಗಲವಾದ ರಸ್ತೆ, ಗಾಳಿ ಬೆಳಕು," ಅಂತ ಒಂದು ತಿಂಗಳು ಪುಂಗಿ ಊದಿದರು. ನಾನೂ ತಲೆ ಆಡಿಸಿದೆ.

ಸಂಕ್ರಾಂತಿ ಮುಗಿಸಿಕೊಂಡು ಹೊರಟೆವು. ಸ್ಟೇಷನ್ನಿನಿಂದ ಜಟಕಾ ಹತ್ತಿದಾಗ ಊರು ಭರ್ಜರಿಯಾಗೇ ಇತ್ತು. ಅಂಗಡಿ ಸಾಲು, ಜನ, ಸೈಕಲ್ಲು. ಆಮೇಲೆ ಲಾಲ್‌ಬಾಗಿನ ಗೋಡೆ ಬಂತು. ಆಮೇಲೆ ಗೋಡೆಯೂ ಮುಗೀತು. ಅಶೋಕ ಸ್ತಂಭ ದಾಟಿದ್ದೇ ತಡ, ಎರಡೂ ಕಡೆ ಕೊಯ್ದು ಬಿಟ್ಟ ರಾಗಿ ಹೊಲ, ಕಲ್ಲು ನೆಟ್ಟ ಖಾಲಿ ಸೈಟು, ಅಲ್ಲೊಂದು ಇಲ್ಲೊಂದು ಮನೆ. ನಾನು ಜಟಕಾದಿಂದ ತಲೆ ಹೊರಗೆ ಹಾಕಿದೆ.

"ಏನಪ್ಪಾ, ದಾರಿ ತಪ್ಪಿದ್ಯಾ? ಬೆಂಗಳೂರು ಹಿಂದೆ ಹೋಯ್ತಲ್ಲ!" ಅಂದೆ ಜಟಕಾದವನಿಗೆ.

"ಹೂಂ ಅಮ್ಮಾ, ಹೋಯ್ತು," ಅಂದ ಅವನು, ತಿರುಗಿ ಕೂಡ ನೋಡದೆ.

ಸಾಮಾನು ಇಳಿಸೋ ಹೊತ್ತಿಗೆ ಎದುರುಮನೆಯಿಂದ ಒಬ್ಬರು ಬಂದರು. ಬಿಳೀ ಪಂಚೆ, ಮುಚ್ಚುಕೋಟು, ಕಂಕುಳಲ್ಲಿ ಕೊಡೆ. ರಿಟೈರಾದ ಹೈಸ್ಕೂಲ್ ಮೇಷ್ಟ್ರು. ಬಹಳ ಮರ್ಯಾದೆಯಿಂದ ಕೇಳಿದರು: "ನಾಳೆ ನಾನು ಊರಿಗೆ ಹೋಗ್ತಿದೀನಿ ತಾಯಿ, ಏನಾದ್ರೂ ತರಬೇಕಾ?"

"ಯಾವೂರು ಮೇಷ್ಟ್ರೇ ನಿಮ್ಮದು?"

"ಬೆಂಗಳೂರು."

"ಮತ್ತೆ ಈಗ ನಾವು ನಿಂತಿರೋದು?"

"ಇದು ಜಯನಗರ."

ನಾನು ನಮ್ಮನೆಯವರ ಕಡೆ ತಿರುಗಿದೆ. ಅವರು ಹಾಸಿಗೆ ಸುರುಳಿ ಬಿಚ್ಚೋದರಲ್ಲಿ ಮುಳುಗಿಹೋಗಿದ್ದರು. "ಕೇಳಿಸ್ತೇನ್ರೀ? ಆರು ತಿಂಗಳು. ಅಷ್ಟರಲ್ಲಿ ಮೈಸೂರಿಗೆ ವಾಪಸ್ ವರ್ಗ ಮಾಡಿಸಿಕೊಳ್ಳಲಿಲ್ಲ ಅಂದ್ರೆ ನಾನೊಬ್ಬಳೇ ರೈಲು ಹತ್ತುತೀನಿ, ಆಮೇಲೆ ನೀವುಂಟು ನಿಮ್ಮ ಗಾಳಿ ಬೆಳಕುಂಟು," ಅಂದೆ.

"ನಾಳೇನೇ ಅರ್ಜಿ ಹಾಕ್ತೀನಿ ಕಣೇ," ಅಂದರು ಅವರು.

ಮೇಷ್ಟ್ರು ತುಂಬಾ ಕಳಕಳಿಯಿಂದ ತಿದ್ದಿದರು: "ರೈಲು ಹತ್ತಬೇಕಾದ್ರೂ ಊರಿಗೇ ಹೋಗಬೇಕು ತಾಯಿ."

೨. ಹತ್ತಕ್ಕೆ ಆರು

ಬಂದು ಹದಿನೈದು ದಿನ ಆಗಿರಬಹುದು. ನನ್ನ ಕೋಪವೆಲ್ಲ ಸೇರಿಸಿ ಅಮ್ಮನಿಗೆ ಒಂದು ಕಾರ್ಡು ಬರೆದೆ. ಕಾರ್ಡು ಚಿಕ್ಕದು, ಕೋಪ ದೊಡ್ಡದು. ಅಂಚಿನಲ್ಲೆಲ್ಲ ಸುತ್ತಿ ಸುತ್ತಿ ಬರೆದಿದ್ದೆ. "ಈ ಕಾಡಿನಲ್ಲಿ ನನಗೆ ಅಬ್ಯಾಸ ಆಗಲ್ಲ. ಹಾಲಿನವಳು ಹಾಲು ತರಲ್ಲ, ಹಸುವನ್ನೇ ಹೊಡಕೊಂಡು ಬರ್ತಾಳೆ, ಅದು ನಮ್ಮ ತುಳಸೀನ ತಿಂದುಹಾಕ್ತು. ಎದುರುಮನೆ ಮೇಷ್ಟ್ರು ಮಾತಿಗೆ ಕೂತರೆ ಎದ್ದು ಹೋಗಲ್ಲ. ಹೇಗಾದರೂ ಮಾಡಿ ನಮ್ಮನ್ನ ಮೈಸೂರಿಗೆ ಕರೆಸಿಕೋ."

ಟಪ್ಪಾಲು ಡಬ್ಬಿ ದೂರ. ನಮ್ಮನೆಯವರಿಗೆ ಕೊಟ್ಟರೆ ಅವರ ಕೋಟಿನ ಜೇಬಿನಲ್ಲೇ ಅದು ಮುದಿಯಾಗುತ್ತೆ. ಅಷ್ಟರಲ್ಲಿ ಮೇಷ್ಟ್ರು ಕೊಡೆ ಹಿಡಕೊಂಡು ಹೊರಟದ್ದು ಕಾಣಿಸ್ತು. "ಮೇಷ್ಟ್ರೇ, ಆ ಕಡೆ ಹೋಗ್ತಿದೀರಾ? ಇದೊಂದು ಹಾಕಿಬಿಡಿ," ಅಂತ ಕೊಟ್ಟೆ. ಕೊಟ್ಟು ಒಳಗೆ ಬಂದು, ಸಾರಿಗೆ ಹುಣಿಸೆಹಣ್ಣು ಕಿವುಚೋವಾಗ ಜ್ಞಾಪಕ ಬಂತು, ಕಾರ್ಡಿಗೆ ಮುಚ್ಚಳ ಇರಲ್ಲ ಅಂತ. ಓಡಿ ಬಂದೆ. ಮೇಷ್ಟ್ರು ರಸ್ತೆ ತಿರುವಿನಲ್ಲಿ ಮಾಯ.

ಒಂದು ಗಂಟೆ ಬಿಟ್ಟು ವಾಪಸು ಬಂದರು, ನೇರವಾಗಿ ನಮ್ಮನೆಗೇ. ಕೈಯಲ್ಲಿ ಅದೇ ಕಾರ್ಡು. "ಕ್ಷಮಿಸಬೇಕು ತಾಯಿ. ತೆರೆದ ಕಾರ್ಡು, ಕಣ್ಣು ಬಿತ್ತು. ಈ ಸ್ಥಿತೀಲಿ ಡಬ್ಬಿಗೆ ಹಾಕೋಕೆ ನನಗೆ ಮನಸ್ಸು ಬರಲಿಲ್ಲ," ಅಂದರು.

ಭೂಮಿ ಬಾಯಿಬಿಡಬಾರದೇ ಅನ್ನಿಸ್ತು. ಕಾರ್ಡಿನ ತುಂಬ ಕೆಂಪು ಪೆನ್ಸಿಲು. 'ಅಬ್ಯಾಸ'ದ ಬಕಾರದ ಹೊಟ್ಟೆ ಸೀಳಿ ಮಹಾಪ್ರಾಣ ಕೊಟ್ಟಿದ್ದರು. 'ಎದ್ದು ಹೋಗಲ್ಲ' ಅನ್ನೋದನ್ನ ಹೊಡೆದು ಮೇಲೆ 'ಎದ್ದು ಹೋಗುವುದಿಲ್ಲ' ಅಂತ ದುಂಡಗೆ ಬರೆದಿದ್ದರು. ಮೂಲೆಯಲ್ಲಿ ಹತ್ತಕ್ಕೆ ಆರು.

"ಮೇಷ್ಟ್ರೇ, ಅದು... ನಾನು ಬರೆದದ್ದು ಬೇರೆ ಯಾರೋ ಮೇಷ್ಟ್ರ ವಿಷಯ..."

"ಇರಲಿ ತಾಯಿ, ಇರಲಿ. ವಿಷಯದಲ್ಲಿ ತಪ್ಪಿಲ್ಲ. ವ್ಯಾಕರಣದಲ್ಲಿ ಮಾತ್ರ," ಅಂತ ಜಗಲಿ ಮೇಲೆ ಕೂತರು. ಕೂತು, ಅಲ್ಪಪ್ರಾಣ ಅಂದರೇನು, ಮಹಾಪ್ರಾಣ ಅಂದರೇನು, ಮೈಸೂರಿನವರಾಗಿ ನಾವು ಹೀಗೆ ಬರೆಯಬಹುದೇ ಅಂತ ಶುರುಮಾಡಿದರು. ಎರಡು ಸಲ ಕಾಫಿ ಆಯ್ತು. ಒಲೆ ಮೇಲಿನ ಸಾರು ಬತ್ತಿ ಗೊಜ್ಜಾಯ್ತು. ತಿದ್ದಿದ ಕಾರ್ಡೇ ಮಾರನೇ ದಿನ ಅಮ್ಮನಿಗೆ ಹೋಯ್ತು. 'ಎದ್ದು ಹೋಗುವುದಿಲ್ಲ' ಅನ್ನೋದೇ ಸರಿಯಾದ ರೂಪ ಅಂತ ಆವತ್ತು ಪ್ರತ್ಯಕ್ಷ ಉದಾಹರಣೆ ಸಮೇತ ಕಲಿತೆ.

೩. ನೂರೈವತ್ತು

ನಮ್ಮ ಕಡೆಗೆ ಆಗ ಬರ್ತಿದ್ದದ್ದು ಒಂದೇ ಬಸ್ಸು. ಅದರ ಕಂಡಕ್ಟರು ಟಿಕೆಟ್ ಕೊಡೋದಕ್ಕಿಂತ ಹೆಚ್ಚಾಗಿ ಸಂಸಾರ ವಿಚಾರಿಸ್ತಿದ್ದ. ನಮ್ಮನೆಯವರು ಊಟಕ್ಕೆ ಕೂತಿದ್ದರೆ ಬಸ್ಸು ಗೇಟಿನ ಮುಂದೆ ನಿಲ್ಲೋದು. "ಮಜ್ಜಿಗೆ ಅನ್ನಕ್ಕೆ ಬಂದ್ರಾ ಸಾರ್?" ಅಂತ ಅಲ್ಲಿಂದಲೇ ಕೂಗೋನು. "ಹೂಂ," ಅಂದರೆ ಇನ್ನೆರಡು ನಿಮಿಷ ಅಂತ ಡ್ರೈವರ್‌ಗೆ ಕೈ ತೋರಿಸೋನು. ಮೈಸೂರಲ್ಲಾದ್ರೆ ಇದೆಲ್ಲ ನಡೆಯಲ್ಲ, ಅಲ್ಲಿ ಶಿಸ್ತು ಅಂದ್ರೆ ಶಿಸ್ತು ಅಂತ ನಾನು ಬಸ್ಸಿಗೆ ಕೇಳೋ ಹಾಗೆ ಹೇಳ್ತಿದ್ದೆ. ಮಾತುಮಾತಿಗೆ ಹಾಗೆ ಅಂದೂ ಅಂದೂ ಆ ಕಡೆಯವರೆಲ್ಲ ನನಗೆ ಮೈಸೂರಮ್ಮ ಅಂತಲೇ ಹೆಸರಿಟ್ಟುಬಿಟ್ಟರು.

ಯುಗಾದಿಗೆ ಮುಂಚೆ ಒಂದು ದಿನ ಉದ್ದಿನ ಹಪ್ಪಳ ಮಾಡಬೇಕಿತ್ತು. ಹಿಟ್ಟು ಕುಟ್ಟೋಕೆ, ಒತ್ತೋಕೆ ಕೈ ಬೇಕು. ಮೈಸೂರಲ್ಲಾದ್ರೆ ಹತ್ತು ಜನ ಹೆಂಗಸರು ಸೇರೋರು. ಇಲ್ಲಿ ಯಾರನ್ನ ಕರೀಲಿ? ನಮ್ಮನೆಯವರಿಗೇ ರಜ ಹಾಕಿಸಿದೆ. "ವಿಪರೀತ ಜ್ವರ, ಮೇಲೇಳಲು ಶಕ್ತಿಯಿಲ್ಲ" ಅಂತ ಚೀಟಿ ಬರೆದು ಕಚೇರಿಗೆ ಮುಟ್ಟಿಸು ಅಂತ ಕಂಡಕ್ಟರ್ ಕೈಗೇ ಕೊಟ್ಟರು.

ಅವನು ಮುಟ್ಟಿಸಿದ. ಆದರೆ ಅವನ ಮನಸ್ಸು ತಡೆಯಲಿಲ್ಲ. ಮುಂದಿನ ಟ್ರಿಪ್ಪಿನಲ್ಲಿ ವಾಪಸು ಬರೋವಾಗ ನಮ್ಮನೆ ಮುಂದೆ ಬಸ್ಸು ನಿಲ್ಲಿಸಿ, "ಸಾರ್‌ಗೆ ಹುಷಾರಿಲ್ಲ, ಒಂದ್ಸಲ ನೋಡ್ಕೊಂಡು ಬಂದ್ಬಿಡೋಣ," ಅಂತ ಇಳಿದ. ಅವನ ಹಿಂದೆ ಡ್ರೈವರು ಇಳಿದ. ಬಸ್ಸಿನಲ್ಲಿ ಕೂತು ಏನು ಮಾಡೋದು ಅಂತ ಜನರೂ ಇಳಿದರು. ನಮ್ಮ ಗ್ರಹಚಾರಕ್ಕೆ ಆ ಬಸ್ಸಿನಲ್ಲಿ ನಮ್ಮನೆಯವರ ಸಾಹೇಬರೂ ಇದ್ದರು. ಸೈಟು ನೋಡೋಕೆ ಅಂತ ಬಂದಿದ್ದರಂತೆ.

ರೋಗಿ ಎಲ್ಲಿ? ಮಾಳಿಗೆ ಮೇಲೆ. ಪಂಚೆ ಎತ್ತಿ ಕಟ್ಟಿಕೊಂಡು, ತಲೆಗೆ ನನ್ನ ಹಳೇ ಸೀರೆ ತುಂಡು ಸುತ್ತಿಕೊಂಡು, ಒಂದು ಕೈಯಲ್ಲಿ ಹಪ್ಪಳ, ಇನ್ನೊಂದರಲ್ಲಿ ಕಾಗೆ ಓಡಿಸೋ ಕೋಲು.

"ಸಾರ್, ಜ್ವರ ಹೆಂಗಿದೆ?" ಅಂತ ಕೆಳಗಿಂದ ಕಂಡಕ್ಟರು ಕೂಗಿದ.

ಇವರು ಬಗ್ಗಿ ಕೂಡ ನೋಡಲಿಲ್ಲ. "ನೂರೈವತ್ತು ಆಯ್ತು ಕಣಯ್ಯಾ! ಇನ್ನೊಂದು ಐವತ್ತು ಆದ್ರೆ ಮುಗೀತು!" ಅಂದರು, ಭಾರೀ ಉತ್ಸಾಹದಲ್ಲಿ.

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ನೂರೈವತ್ತು ಜ್ವರ ಬಂದು ಬದುಕಿರೋರನ್ನ ನಾನು ಇದೇ ಮೊದಲು ನೋಡ್ತಿರೋದು," ಅಂದರು. ಮಾಳಿಗೆ ಮೇಲೆ ಕೋಲು ಬಿದ್ದ ಸದ್ದಾಯ್ತು. ಕಾಗೆಗಳಿಗೆ ಆವತ್ತು ಹಬ್ಬ.

ಮಾರನೇ ದಿನ ಇವರು ನಡುಗಿಕೊಂಡು ಕಚೇರಿಗೆ ಹೋದರು. ರಜಾಚೀಟಿ ಮೇಜಿನ ಮೇಲಿತ್ತು. ಸಾಹೇಬರು ಕೆಳಗೆ ತಮ್ಮ ಕೈಯಾರೆ ಬರೆದಿದ್ದರು: "ಮಂಜೂರಾಗಿದೆ. ರೋಗದ ಮಾದರಿಗಳನ್ನು, ಎರಡು ಕಟ್ಟು, ಕರಿಯದೆ, ನಾಳೆಯೊಳಗೆ ಸಲ್ಲಿಸತಕ್ಕದ್ದು."

೪. ಅಕ್ಕಿಯಲ್ಲಿ ಹುಳ

ಹಾಲಿನವಳು ಪಕ್ಕದ ಹಳ್ಳಿ ಯಡಿಯೂರಿನವಳು. ಬೆಳಗ್ಗೆ ಹಸು ಹೊಡಕೊಂಡು ಬಂದು, ನಮ್ಮ ಪಾತ್ರೆಗೆ ನಮ್ಮ ಕಣ್ಣೆದುರಿಗೇ ಕರೆದುಕೊಟ್ಟು, ಹಿತ್ತಿಲಿಗೆ ಹೋಗಿ ಹಸುವಿಗೆ ಅಂತ ಕಲಗಚ್ಚು ತುಂಬಿಕೊಂಡು ಹೋಗೋಳು. ಅವಳಿಗೂ ನನಗೂ ದಿನಾ ಒಂದು ಸಣ್ಣ ಜಗಳ. ಹಾಲಿನ ನೊರೆ ಜಾಸ್ತಿ ಅಂತ ನಾನು, ಕಲಗಚ್ಚಲ್ಲಿ ನೀರು ಜಾಸ್ತಿ ಅಂತ ಅವಳು.

ಮೊದಲ ಮಳೆ ಬಿದ್ದ ಮಾರನೇ ದಿನ. ನಾನು ಅಡಿಗೆಮನೇಲಿ ದೋಸೆ ಹುಯ್ತಿದ್ದೆ. ಹಿಂದಿನ ಪಡಸಾಲೆಯಿಂದ ಅವಳು ಮೆತ್ತಗಿನ ದನೀಲಿ ಕರೆದಳು. "ಅಮ್ಮಾವ್ರೇ, ಅಕ್ಕಿ ಮೂಟೆ ತಾವ ಹುಳ ಐತೆ."

"ಗೊತ್ತು ಬಿಡು, ಮಳೆ ಬಂತಲ್ಲ, ತೇವಕ್ಕೆ ಆಗುತ್ತೆ," ಅಂದೆ.

ಒರಳುಕಲ್ಲಿನ ಕಡೆಯಿಂದ ಬಳೆ ಸದ್ದು ಬಂತು. ಆಮೇಲೆ, "ಗೊತ್ತಾ? ಯಾವಾಗಿಂದ ಐತೆ?"

"ಒಂದು ವಾರದಿಂದ ನೋಡ್ತಾ ಇದೀನಿ. ಕೈಗೆ ಬಿಡುವಾಗಿಲ್ಲ."

"ಅಯ್ಯೋ ನನ್ನವ್ವಾ! ಈಗೇನು ಮಾಡ್ತೀರಿ?"

ಇಷ್ಟು ದೊಡ್ಡ ಹೆಂಗಸಿಗೆ ಅಕ್ಕಿ ಹುಳಕ್ಕೆ ಏನು ಮಾಡಬೇಕು ಅಂತ ಗೊತ್ತಿಲ್ಲವಲ್ಲ ಅಂತ ನನಗೆ ಪಾಪ ಅನ್ನಿಸ್ತು. ಸಂಸಾರ ಹೇಳಿಕೊಡೋ ಉತ್ಸಾಹ ಬಂತು. "ಏನು ಮಹಾ ಮಾಡೋದು! ಮೊರಕ್ಕೆ ಹಾಕ್ಕೊಂಡು ಚೆನ್ನಾಗಿ ಕೇರಿದ್ರೆ ಅರ್ಧ ಹೋಗುತ್ತೆ. ಉಳಿದದ್ದನ್ನ ಕೈಯಲ್ಲೇ ಆರಿಸಿ ಬಿಸಾಕೋದು."

"ಕೈಯಾಗೆ?"

"ಮತ್ತೆ ಕಾಲಲ್ಲಾ? ನಮ್ಮಮ್ಮ ಕನ್ನಡಕ ಇಲ್ಲದೆನೇ ಆರಿಸ್ತಾಳೆ. ನಮ್ಮ ಮೈಸೂರಲ್ಲಿ ಏಳು ವರ್ಷದ ಹೆಣ್ಣುಮಕ್ಕಳೂ ಮಾಡ್ತಾರೆ. ಒಂದೊಂದ್ಸಲ ಕಣ್ತಪ್ಪಿ ಅನ್ನದಲ್ಲೂ ಬೆಂದುಹೋಗುತ್ತೆ, ಏನಾಗಲ್ಲ, ತಿಂದುಕೊಂಡಿರ್ತೀವಿ."

ಆ ಕಡೆಯಿಂದ "ಶಿವ ಶಿವಾ" ಅನ್ನೋದು ಕೇಳಿಸ್ತು. ಏನಾಯ್ತು ಇವಳಿಗೆ ಅಂತ ಮೊಗಚೋ ಕೈ ಹಿಡಕೊಂಡೇ ಪಡಸಾಲೆಗೆ ಬಂದೆ. ಹಾಲಿನವಳು ಒರಳುಕಲ್ಲಿನ ಮೇಲೆ ಹತ್ತಿ ನಿಂತಿದ್ದಾಳೆ. ಅಕ್ಕಿ ಮೂಟೆ ಪಕ್ಕದಲ್ಲಿ, ನನ್ನ ತೋಳುದ್ದಕ್ಕೂ ಹೆಚ್ಚಾಗಿ, ಹೆಡೆ ಎತ್ತಿಕೊಂಡು ಹುಳ ಕೂತಿದೆ.

ಹಳ್ಳಿ ಜನ ಹಾವನ್ನ ಹಾವು ಅಂತ ಹೆಸರು ಹಿಡಿದು ಕರೆಯಲ್ಲ, ಹುಳ ಅಂತಾರೆ ಅಂತ ನನಗೆ ಯಾರು ಹೇಳಿಕೊಟ್ಟಿದ್ದರು? ಅಗ್ರಹಾರದಲ್ಲಿ ನಾನು ಹಾವು ನೋಡಿದ್ದೇ ಹಾವಾಡಿಗನ ಬುಟ್ಟೀಲಿ. ಕಿರುಚಿದ್ದು ನನಗೆ ಜ್ಞಾಪಕವಿಲ್ಲ. ಎದುರುಮನೆ ಮೇಷ್ಟ್ರಿಗೆ ಜ್ಞಾಪಕವಿದೆ. ಒರಳುಕಲ್ಲಿನ ಮೇಲೆ ಇಬ್ಬರು ನಿಲ್ಲೋಕೆ ಜಾಗ ಇಲ್ಲ ಅಂತ ಯಾರಾದರೂ ಅಂದರೆ ನಂಬಬೇಡಿ, ಇದೆ. ನನ್ನ ಕಿರುಚಾಟಕ್ಕೆ ಬೇಸತ್ತೋ ಏನೋ, ಅದು ತಾನಾಗೇ ಹಿತ್ತಿಲಿಗೆ ಇಳಿದು ಬೇಲಿ ದಾಟಿಕೊಂಡು ಹೋಯ್ತು. ಇಳಿದ ಮೇಲೂ ಹಾಲಿನವಳು ನನ್ನ ಕೈ ಬಿಟ್ಟಿರಲಿಲ್ಲ. ಅಥವಾ ನಾನು ಅವಳದ್ದನ್ನ.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಕಿರುಚಿದ ಭಾಗ ಬಿಟ್ಟು ಮಿಕ್ಕದ್ದನ್ನೆಲ್ಲ ಅವಳು ಯಡಿಯೂರಿಗೆಲ್ಲ ಹೇಳಿದಳು. ವಾರ ಕಳೆದ ಮೇಲೆ ಗೊತ್ತಿಲ್ಲದ ಗಂಡಸೊಬ್ಬರು ಗೇಟಿನ ಹತ್ತಿರ ಕೈ ಮುಗಿದು ನಿಂತರು. "ಮೈಸೂರಮ್ಮೋರು ನೀವೇನಾ? ನಮ್ಮ ಕೊಟ್ಟಿಗೆಗೆ ಹುಳ ಬಂದ್ಬಿಟ್ಟೈತೆ. ನೀವು ಬರೀಗೈಯಲ್ಲಿ ಬಂದ್ರೆ ಸಾಕು ತಾಯಿ, ಮೊರ ನಮ್ಮನೇಲೇ ಐತೆ."

೫. ಒಂಬತ್ತು ಮಂಗಳವಾರ

ನಾನು ಕೊಟ್ಟಿದ್ದ ಆರು ತಿಂಗಳ ಗಡುವು ಮುಗೀತಾ ಬಂತು. ವಾರಕ್ಕೊಂದು ಸಲ "ಅರ್ಜಿ ಏನಾಯ್ತು?" ಅಂತ ನಾನು ಕೇಳೋದು, "ಮೇಲಿನವರ ಮೇಜಿನ ಮೇಲಿದೆ," ಅಂತ ಇವರು ಹೇಳೋದು ಮಹಾಪ್ರಾಣ ಸಮೇತ ಅಭ್ಯಾಸ ಆಗಿಹೋಗಿತ್ತು. ಅಷ್ಟರಲ್ಲಿ ತಮ್ಮನ ಮದುವೆ ಬಂತು. ಹತ್ತು ದಿನ ಮೈಸೂರಿಗೆ ಹೋದೆ.

ಹೋದ ಮೊದಲನೇ ದಿನ ಸ್ವರ್ಗ. ಎರಡನೇ ದಿನ ಹಾಲು ಮೂಸಿ ನೋಡಿದೆ. "ಇದೇನಮ್ಮಾ, ಎಲ್ಲಿ ಕರೆದದ್ದೋ ಏನೋ! ನಮ್ಮ ಜಯನಗರದಲ್ಲಾದ್ರೆ ಕಣ್ಣೆದುರಿಗೇ ಕರೀತಾರೆ," ಅಂದೆ. ಮೂರನೇ ದಿನ ಬಸ್ಸು ನನ್ನನ್ನ ಬಿಟ್ಟು ಹೋಯ್ತು. "ನಮ್ಮ ಜಯನಗರದಲ್ಲಾದ್ರೆ ಊಟ ಆಗೋವರೆಗೂ ನಿಲ್ಲುತ್ತೆ," ಅಂದೆ. ನಾಲ್ಕನೇ ದಿನ ಪಕ್ಕದ ಮನೆ ಒಗ್ಗರಣೆಗೆ ಸೀನು ಬಂತು. ಅಮ್ಮ ತಾಳ್ಮೆಗೆಟ್ಟು ಕೇಳಿದಳು. "ಅಲ್ವೇ, ಕಾಡು, ಹೇಗಾದ್ರೂ ಮಾಡಿ ಕರೆಸಿಕೋ ಅಂತ ಕಾರ್ಡು ಬರೆದವಳು ನೀನೇ ತಾನೇ?"

"ಅದರಲ್ಲಿ ತುಂಬಾ ತಪ್ಪಿದ್ವಮ್ಮಾ," ಅಂದೆ.

ವಾಪಸು ಬಂದ ದಿನ ಕಂಡಕ್ಟರು ಬಸ್ಸನ್ನ ಸ್ಟಾಪಿನ ಹತ್ತಿರ ನಿಲ್ಲಿಸದೆ ನಮ್ಮ ಗೇಟಿನ ಮುಂದೆ ತಂದು ನಿಲ್ಲಿಸಿ ಟ್ರಂಕು ಇಳಿಸಿಕೊಟ್ಟ. ಕಾಲು ತೊಳೆದಿರಲಿಲ್ಲ, ಹಾಲಿನವಳು ಸೆರಗಿನಡಿ ಚೊಂಬು ಇಟ್ಟುಕೊಂಡು ಬಂದಳು. "ಹಸ ಈಯ್ತು ಕಣ್ರಮ್ಮಾ. ಮೊದ್ಲಿನ ಗಿಣ್ಣುಹಾಲು. ಮೈಸೂರಮ್ಮ ಬರ್ಲಿ ಅಂತ ಯಾರ್ಗೂ ಕೊಡ್ದೆ ಮಡಗಿದ್ದೆ." ನನಗೆ ಅಳು ಬಂತು. ಕಣ್ಣಿಗೆ ಧೂಳು ಬಿತ್ತು ಅಂದೆ. ಆವತ್ತೇ ನನಗೆ ಖಾತ್ರಿಯಾಯ್ತು, ಈ ಜಾಗ ಬಿಟ್ಟು ನಾನು ಎಲ್ಲಿಗೂ ಹೋಗೋಳಲ್ಲ ಅಂತ. ಆದರೆ ಆರು ತಿಂಗಳು ಬಡಕೊಂಡ ಬಾಯಲ್ಲಿ ಅದನ್ನ ಹೇಳೋದು ಹೇಗೆ? ಮೈಸೂರಿನ ಮರ್ಯಾದೆ ಏನಾಗಬೇಕು?

ಸರಿಯಾಗಿ ನಾಲ್ಕು ದಿನಕ್ಕೆ ನಮ್ಮನೆಯವರು ಕಚೇರಿಯಿಂದ ಬಂದು ಒಂದು ಉದ್ದನೇ ಲಕೋಟೆ ಮುಂದಿಟ್ಟರು. "ತಗೋ. ನಿನ್ನ ಮೈಸೂರು. ಮುಂದಿನ ತಿಂಗಳು ಒಂದನೇ ತಾರೀಕು ಅಲ್ಲಿ ಹಾಜರಾಗಬೇಕು," ಅಂದರು. ಮುಖ ನೋಡಿದರೆ ಸೂತಕದ ಮನೆ.

"ಅಬ್ಬಾ, ಅಂತೂ ಆಯ್ತಲ್ಲ! ಸಂತೋಷ!" ಅಂದೆ ನಾನು. ಹೋಗಿ ಪಾಯಸ ಮಾಡಿದೆ. ಅದಕ್ಕೆ ಬೆಲ್ಲದ ಬದಲು ಉಪ್ಪು ಹಾಕಿದ್ದೆ. ಅವರು ತೆಪ್ಪಗೆ ಎರಡು ಲೋಟ ಕುಡಿದರು, ಅವರಿಗೂ ಗೊತ್ತಾಗಲಿಲ್ಲ.

ಬೀದಿಗೆ ಬೀದಿಯೇ ಅಭಿನಂದಿಸೋಕೆ ಬಂತು. ಎಲ್ಲರ ಮುಖವೂ ಬಾಡಿದೆ, ಎಲ್ಲರ ಬಾಯಲ್ಲೂ ಸಂತೋಷ. ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಗುಟ್ಟು ಬಿಚ್ಚಿದರು. "ನಿಮ್ಮ ಕಾರ್ಡು ಓದಿದ ದಿನವೇ ನಾನು ತೀರ್ಮಾನ ಮಾಡಿಬಿಟ್ಟೆ ತಾಯಿ. ನನ್ನ ಶಿಷ್ಯನೊಬ್ಬ ನಿಮ್ಮ ಯಜಮಾನರ ಇಲಾಖೇಲೇ ದೊಡ್ಡ ಹುದ್ದೇಲಿದ್ದಾನೆ. ಅವನಿಗೆ ನಾಲ್ಕು ಕಾಗದ ಬರೆದೆ, ಈ ಹೆಣ್ಣುಮಗಳನ್ನ ಹೇಗಾದ್ರೂ ಮೈಸೂರಿಗೆ ಮುಟ್ಟಿಸಪ್ಪಾ ಅಂತ." ಹಾಲಿನವಳು ಬಿಡಲಿಲ್ಲ. "ಕಾಗ್ದದಿಂದ ಏನಾದಾತು ಸೋಮಿ? ನಾನು ಬನಶಂಕರಿ ಅಮ್ಮಂಗೆ ಒಂಬತ್ತು ಮಂಗಳವಾರ, ವಾರಕ್ಕೆ ಎರಡು ನಿಂಬೆಹಣ್ಣು, ರಾಹುಕಾಲ್ದಾಗೆ ದೀಪ ಹಚ್ಚಿದೀನಿ. ನಮ್ಮ ಮೈಸೂರಮ್ಮ ಅವ್ರ ಊರು ಸೇರ್ಕಳ್ಳಿ ಅಂತ. ಅಮ್ಮ ಕಣ್ಣು ಬಿಟ್ಳು!" ಕಂಡಕ್ಟರು ಬಸ್ಸಿನವರೆಲ್ಲ ಸೇರಿ ಹಾರ ಹಾಕ್ತೀವಿ ಅಂದ. ನಾನು ಎಲ್ಲರಿಗೂ ಕೈ ಮುಗಿದೆ. ಒಳಗೆ ಹೋಗಿ ಈರುಳ್ಳಿ ಹೆಚ್ಚಿದೆ, ಅಳೋಕೆ ಒಂದು ನೆಪ ಬೇಕಿತ್ತಲ್ಲ.

ರಾತ್ರಿಯೆಲ್ಲ ಯೋಚನೆ ಮಾಡಿ ಒಂದು ದಾರಿ ಹೊಳೀತು. ಒಂಬತ್ತು ವಾರ ದೀಪ ಹಚ್ಚಿ ಅವಳು ವರ್ಗ ಮಾಡಿಸಬಹುದಾದ್ರೆ, ನಾನೂ ಹಚ್ಚಿ ರದ್ದು ಮಾಡಿಸಬಾರದೇ? ಮಂಗಳವಾರ ಮಧ್ಯಾಹ್ನ ಚಿಕ್ಕಪೇಟೆಗೆ ಸೀರೆ ತರೋಕೆ ಹೋಗ್ತೀನಿ ಅಂತ ಬೀದಿಗೆಲ್ಲ ಕೇಳೋ ಹಾಗೆ ಹೇಳಿ, ಊರ ಕಡೆ ನಾಲ್ಕು ಹೆಜ್ಜೆ ಇಟ್ಟು, ಹೊಲದ ಬದು ಹಿಡಿದು ತಿರುಗಿ, ಮಣ್ಣು ದಾರೀಲಿ ನಡಕೊಂಡು ಬನಶಂಕರಿ ಅಮ್ಮನ ಗುಡಿಗೆ ಹೋದೆ. ಸೆರಗಿನಲ್ಲಿ ನಿಂಬೆಹಣ್ಣು, ತುಪ್ಪ, ಬತ್ತಿ. ಮುಖದ ತುಂಬ ಮುಸುಕು.

ಮೂರು ಗಂಟೆಗೆ ರಾಹುಕಾಲ ಶುರು. ಹೆಂಗಸರೆಲ್ಲ ಸಾಲಾಗಿ ಕೂತು ಹೋಳು ಮಾಡಿದ ನಿಂಬೆಹಣ್ಣನ್ನ ಹಿಂಡಿ, ಸಿಪ್ಪೆ ಮಗುಚಿ, ತುಪ್ಪ ಹಾಕಿ ದೀಪ ಹಚ್ಚುತಿದ್ದರು. ಸಾಲಿನ ಕೊನೇಲಿ ಒಬ್ಬ ಗಂಡಸು. ತಲೆ ಮೇಲಿಂದ ಟವಲು ಹೊದ್ದುಕೊಂಡು ಒಂದಾದ ಮೇಲೊಂದು ಬೆಂಕಿಕಡ್ಡಿ ಗೀಚ್ತಾ ಇದ್ದಾನೆ. ದೀಪ ಚಟಚಟ ಅಂದು ಆರಿ ಹೋಗ್ತಿದೆ. ಹೋಳನ್ನ ಹಿಂಡೇ ಇಲ್ಲ, ರಸದ ಮೇಲೇ ತುಪ್ಪ ಸುರಿದಿದ್ದಾನೆ. ಇಂಥ ಕೆಲಸ ಮಾಡೋ ಕೈ ನನಗೆ ಚೆನ್ನಾಗಿ ಗೊತ್ತು.

"ರೀ! ಹಿಂಡಿ ಮಗುಚಬೇಕು ಕಣ್ರೀ!" ಅಂದೆ, ಮುಸುಕು ಹಾಕಿಕೊಂಡಿದ್ದೀನಿ ಅನ್ನೋದೂ ಮರೆತು.

ಟವಲು ಜಾರಿತು. ನಮ್ಮನೆಯವರು. ಕಚೇರೀಲಿ ಕೂತಿರಬೇಕಾದವರು.

"ನೀನು ಚಿಕ್ಕಪೇಟೇಲಿ ಇದೀಯಲ್ಲ?" ಅಂದರು.

"ನೀವು ಕಚೇರೀಲಿ ಇದೀರಲ್ಲ? ಇಲ್ಲೇನು ಕೆಲಸ?"

ಆರಿದ ಬೆಂಕಿಕಡ್ಡಿಗಳನ್ನೆಲ್ಲ ಒಟ್ಟುಮಾಡಿದರು. ಆಮೇಲೆ ತಲೆ ತಗ್ಗಿಸಿಕೊಂಡೇ ಹೇಳಿದರು. "ನಾನು ಅರ್ಜಿ ಹಾಕೇ ಇರಲಿಲ್ಲ ಕಣೇ. ಒಂದಲ್ಲ ಒಂದು ದಿನ ನಿನಗೆ ಹಿಡಿಸುತ್ತೆ ಅಂತ ಕಾಯ್ತಾ ಇದ್ದೆ. ಈ ಆರ್ಡರು ಆಕಾಶದಿಂದ ಬಿತ್ತು. ಮೈಸೂರಲ್ಲಿ ನಾನು ಮಜ್ಜಿಗೆ ಅನ್ನ ತಿನ್ನೋವರೆಗೂ ಯಾವ ಬಸ್ಸು ಕಾಯುತ್ತೆ ಹೇಳು? ಅದಕ್ಕೇ ಅಮ್ಮನಿಗೆ ಒಂದು ಮಾತು ಹೇಳಿ ನೋಡೋಣ ಅಂತ..."

ನಾನು ಬಾಯಿ ತೆಗೆಯೋಷ್ಟರಲ್ಲಿ ಹಿಂದಿನಿಂದ ಇನ್ನೊಂದು ದನಿ. ನಮ್ಮನ್ನ ಗಮನಿಸದೆ, ಕಣ್ಣು ಮುಚ್ಚಿಕೊಂಡು, ಹಾಲಿನವಳು ಅಮ್ಮನ ಜೊತೆ ಜಗಳಕ್ಕೆ ನಿಂತಿದ್ದಾಳೆ. "ಏನವ್ವಾ, ನನ್ನ ಮಗಳ ಮದ್ವೆಗೆ ಎರಡು ವರ್ಷ ಹಚ್ಚಿದೆ, ನೀನು ಅಲ್ಲಾಡ್ಲಿಲ್ಲ. ಇದೊಂದಕ್ಕೆ ಇಷ್ಟು ಜಲ್ದಿ ಯಾರು ಹೇಳಿದ್ರು ನಿಂಗೆ? ಆ ಒಂಬತ್ತು ವಾರದ್ದೂ ವಾಪಸ್ ತಕ್ಕಂಡಿದೀನಿ. ಆಯಮ್ಮ ಹೋದ್ರೆ ನಾನು ಬೆಳಗಾಗೆದ್ದು ಯಾರ ಜತೆ ಜಗಳ ಆಡ್ಲಿ?" ಕಣ್ಣು ಬಿಟ್ಟಳು. ನಾನು ಎದುರಿಗೇ ಇದ್ದೆ. ಅವಳ ಕೈಯಿಂದ ನಿಂಬೆಹಣ್ಣು ಉರುಳಿಕೊಂಡು ಹೋಗಿ ಕಂಬದ ಹಿಂದೆ ಯಾರದೋ ಕೊಡೆಗೆ ತಗುಲಿ ನಿಂತಿತು.

ಮೇಷ್ಟ್ರು. ಯಾವ ದೇವರ ಹತ್ತಿರವೂ ಹೋಗಿ ಬೇಡಿಕೊಳ್ಳೋ ಅಗತ್ಯ ಇಲ್ಲ ಅಂತ ನಮ್ಮ ಜಗಲಿ ಮೇಲೆ ಕೂತು ವಾದಿಸ್ತಿದ್ದ ಮೇಷ್ಟ್ರು.

"ನಾನು ಅಲ್ಲೊಂದು ಶಾಸನ ಓದ್ತಾ ಇದ್ದೆ," ಅಂದರು, ಯಾರೂ ಕೇಳದಿದ್ದರೂ.

"ಯಾವ ಶಾಸನ ಮೇಷ್ಟ್ರೇ?"

"ಅದೇ... 'ಚಪ್ಪಲಿ ಹೊರಗೆ ಬಿಡಿ'. ಒತ್ತಕ್ಷರ ಸರಿಯಿಲ್ಲ."

ಇಷ್ಟು ಹೊತ್ತಿಗೆ ಅರ್ಚಕರಿಗೆ ಸಾಕಾಗಿತ್ತು. ಆರತಿ ತಟ್ಟೆ ಕೆಳಗಿಟ್ಟು ಹೊರಗೆ ಬಂದರು. "ಏನ್ರೀ ಇದು, ಒಂದೇ ಬೀದಿಯೋರು ಬಂದು ಒಬ್ಬರು ಕಳಿಸು ಅಂತೀರಿ, ಒಬ್ಬರು ಕಳಿಸಬೇಡ ಅಂತೀರಿ. ಅಮ್ಮನಿಗೆ ಬೇರೆ ಕೆಲಸ ಇಲ್ವಾ? ಹೊರಗೆ ಕೂತು ಎಲ್ಲ ಸೇರಿ ಒಂದು ತೀರ್ಮಾನ ಮಾಡ್ಕೊಂಡು ಬನ್ನಿ, ಆಮೇಲೆ ಹೇಳ್ತೀನಿ ಅಮ್ಮನಿಗೆ. ಅಷ್ಟಕ್ಕೂ ಹೋಗಬೇಕಾದವರು ಯಾರು?"

ಎಲ್ಲರೂ ನನ್ನ ಕಡೆ ನೋಡಿದರು. ದೀಪ ಹಚ್ಚೋಕೆ ಬಂದ ಗೊತ್ತಿಲ್ಲದ ಹೆಂಗಸರೂ ಬತ್ತಿ ಹೊಸೆಯೋದು ನಿಲ್ಲಿಸಿ ನೋಡಿದರು. ನಾನು ಮುಸುಕನ್ನ ಇನ್ನಷ್ಟು ಕೆಳಗೆ ಎಳಕೊಂಡೆ. ಮೇಷ್ಟ್ರು ಮಾತ್ರ ಅಂಥ ಹೊತ್ತಿನಲ್ಲೂ ಮೇಷ್ಟ್ರೇ. "ನಾನು ಇವತ್ತೇ ಶಿಷ್ಯನಿಗೆ ಐದನೇ ಕಾಗದ ಬರೀತೀನಿ ತಾಯಿ. ಆದರೆ ಕಾರಣ ಬೇಕು. ನೀವೇ ಹೇಳಿ, ಪೂರ್ಣ ವಾಕ್ಯದಲ್ಲಿ," ಅಂದರು.

ಆ ಐದನೇ ಕಾಗದ ಹೋಗಿ, ಹದಿನೈದು ದಿನಕ್ಕೆ ಆರ್ಡರು ರದ್ದಾಗಿ, ನಾವು ಅದೇ ಮನೇಲಿ ಇವತ್ತಿನವರೆಗೂ ಉಳಿದೆವು ಅನ್ನೋದು ಆಮೇಲಿನ ಮಾತು. ಆವತ್ತು ಅಲ್ಲಿ, ಅಷ್ಟು ಜನರ ಎದುರಿಗೆ, ಮೈಸೂರಿನ ಮರ್ಯಾದೆಯನ್ನೆಲ್ಲ ಗಂಟಲಲ್ಲಿ ನುಂಗಿಕೊಂಡು, ನಾನು ಪೂರ್ಣ ವಾಕ್ಯದಲ್ಲೇ ಹೇಳಿದೆ. "ನಿಮ್ಮನ್ನೆಲ್ಲ ಬಿಟ್ಟು ಮೈಸೂರಿಗೆ ಹೋಗೋಕೆ ನನಗೆ ಇಷ್ಟ ಇಲ್ಲ. ನಾನು ಇಲ್ಲೇ ಇರ್ತೀನಿ." ಹೇಳಿ ಮುಗಿಸೋಷ್ಟರಲ್ಲಿ ಕಣ್ಣಲ್ಲಿ ಗಂಗಾಪ್ರವಾಹ. ಈ ಸಲ ಧೂಳು ಅನ್ನೋಕೂ ಆಗಲಿಲ್ಲ, ಈರುಳ್ಳಿ ಅನ್ನೋಕೂ ಆಗಲಿಲ್ಲ. ನಮ್ಮನೆಯವರು ಟವಲಿನಲ್ಲಿ ಮುಖ ಒರೆಸಿಕೊಂಡರು. ಮೇಷ್ಟ್ರು ಮೊದಲ ಬಾರಿಗೆ ಏನನ್ನೂ ತಿದ್ದಲಿಲ್ಲ.

ಹಾಲಿನವಳು ಮಾತ್ರ ಸೊಂಟದ ಮೇಲೆ ಕೈ ಇಟ್ಟುಕೊಂಡು ನನ್ನನ್ನ ಕೆಳಗಿಂದ ಮೇಲಿನವರೆಗೂ ನೋಡಿದಳು. ಅವಳ ಕಣ್ಣಲ್ಲೂ ನೀರಿತ್ತು, ಆದರೆ ಸಿಟ್ಟು ಅದಕ್ಕಿಂತ ಜಾಸ್ತಿ ಇತ್ತು.

"ಇದೊಂದು ಮಾತು ಮೊದ್ಲೇ ಅಂದಿದ್ರೆ," ಅಂದಳು, "ನನ್ನ ಹದಿನೆಂಟು ನಿಂಬೆಹಣ್ಣು ಉಪ್ಪಿನಕಾಯಿಗಾದ್ರೂ ಆಗೋದಲ್ರಮ್ಮಾ!"